ಕೆಂಪು ದೀಪದ ವರದಿಗಾರ

ಗಾಬರಿ ಎಂಬುದು ಬೇರೆಯವರಿಗೆ ಆಗುವ ಸಂಗತಿ, ಅದನ್ನು ಬರೆದು ಕಳಿಸುವುದಷ್ಟೇ ನನ್ನ ಕೆಲಸ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಇಳಕಲ್ಲಿನಲ್ಲಿ ಕುಳಿತು ಪತ್ರಿಕೆಯೊಂದಕ್ಕೆ ಸುತ್ತಲಿನ ಸುದ್ದಿ ಬರೆಯುವವನು ನಾನು. ಮಲಪ್ರಭೆ ಉಕ್ಕಿ ಜನ ಓಡುವಾಗ ನಾನು ನಿಂತು, ನೀರು ಗುಡಿಯ ಎಷ್ಟನೆಯ ಮೆಟ್ಟಿಲಿಗೆ ಬಂದಿದೆ ಎಂದು ಎಣಿಸಿದವನು. ಹುನಗುಂದದ ಕೋರ್ಟಿನ ಆವರಣದಲ್ಲಿ ವಾದಿ ಪ್ರತಿವಾದಿಗಳು ಬಡಿದಾಡಿಕೊಂಡಾಗ ಮೊದಲ ಏಟು ಎಡಗೈಯದೋ ಬಲಗೈಯದೋ ಎಂದು ಬರೆದುಕೊಂಡವನು. “ನಿಮ್ಮ ಯಜಮಾನ್ರು ಭಾಳ ಶಾಂತ ಮನುಷ್ಯಾರ್ರಿ” ಎಂದು ಓಣಿಯ ಹೆಣ್ಣುಮಕ್ಕಳು ಹೇಳಿದರೆ, “ಹೌದ್ರಿ, ಒಲಿ ಮ್ಯಾಲ ಹಾಲು ಉಕ್ಕಿದ್ರೂ ಹಂಗ ಶಾಂತ ಕುಂತು ನೋಡ್ತಾರ” ಎಂದು ನನ್ನ ಹೆಂಡತಿ ಗಿರಿಜಾ ಉತ್ತರಿಸುತ್ತಾಳೆ. ಅದನ್ನೂ ನಾನು ಹೊಗಳಿಕೆಯ ಖಾತೆಗೇ ಹಾಕಿಕೊಂಡಿದ್ದೆ.

ಗಿರಿಜಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಬೀಸುವ ಕಲ್ಲಿನ ಪದಗಳ ಮೇಲೆ ಪಿಎಚ್‌.ಡಿ. ಮಾಡುತ್ತೇನೆಂದು ಅವಳು ಹೊರಟಾಗ ನಮ್ಮ ಮಗಳು ನಾಲ್ಕನೆಯ ಇಯತ್ತೆಯಲ್ಲಿದ್ದಳು. ಈಗ ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಅಷ್ಟು ವರ್ಷ ರಜೆ ಬಂದಾಗಲೆಲ್ಲ ಗಿರಿಜಾ ಬಾದಾಮಿ, ಹುನಗುಂದದ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ ಮುದುಕಿಯರ ಮುಂದೆ ಕುಳಿತಳು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತ್ತು. ಆ ಅಜ್ಜಿಯರಿಗೆ ಸುಮ್ಮನೆ ಕುಳಿತರೆ ಪದ ನೆನಪಾಗುತ್ತಿರಲಿಲ್ಲವಂತೆ. ಖಾಲಿ ಕೈಯನ್ನು ಗುಂಡಗೆ ತಿರುಗಿಸಿದರೆ ಒಂದೊಂದಾಗಿ ಬರುತ್ತಿದ್ದವಂತೆ. ಅಂತೂ ಪ್ರಬಂಧ ಮುಗಿದು, ಕೊನೆಯ ಮೌಖಿಕ ಪರೀಕ್ಷೆಯನ್ನು ವಿಡಿಯೋದಲ್ಲಿ ಮಾಡುವುದೆಂದಾಯಿತು. ಬೆಳಿಗ್ಗೆ ಹನ್ನೊಂದಕ್ಕೆ. ಪರೀಕ್ಷಕರು ಅಂದೇ ಸಂಜೆ ಪರದೇಶಕ್ಕೆ ಹೊರಡುವವರು. ತಪ್ಪಿದರೆ ಅವರು ತಿರುಗಿ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು.

ಹಿಂದಿನ ಸಂಜೆ ಇಂಟರ್ನೆಟ್ಟಿನವರಿಂದ ಸಂದೇಶ ಬಂತು. ರಾತ್ರಿ ದುರಸ್ತಿ ಕೆಲಸವಿದೆ, ಬೆಳಗಾದ ಮೇಲೆ ಸಂಪರ್ಕ ಬರದಿದ್ದರೆ ಮನೆಯ ರೌಟರ್ ಡಬ್ಬಿಯನ್ನು ಒಮ್ಮೆ ಆರಿಸಿ, ಐದು ನಿಮಿಷ ಬಿಟ್ಟು ಹಚ್ಚಿರಿ ಎಂದು. ಬೆಳಿಗ್ಗೆ ಎದ್ದು ನೋಡಿದರೆ ಡಬ್ಬಿಯಲ್ಲಿ ಹಸಿರು ಇರಬೇಕಾದ ದೀಪ ಕೆಂಪಗಿತ್ತು. ನಾನು ಗಾಬರಿಯಾಗಲಿಲ್ಲ. ಟಿಪ್ಪಣಿ ಪುಸ್ತಕ ತೆಗೆದು ಸಮಯ ಹಾಕಿ, ಸೂಚನೆಯನ್ನು ಅಕ್ಷರಶಃ ಪಾಲಿಸಿದೆ. ಒಮ್ಮೆ ಅಲ್ಲ, ಮೂರು ಸಲ. ಮೂರನೆಯ ಸಲ ಆಗುವಷ್ಟರಲ್ಲಿ ಗಿರಿಜಾ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಬೆರಳಿನಿಂದ ಡಬ್ಬಿಗೂ ಒಂದು ಗೆರೆ ಎಳೆದು ಹೋದಳು. ಅದನ್ನೂ ಬರೆದುಕೊಂಡೆ.

ಮೊಬೈಲಿನಲ್ಲೇ ಮುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮದು ಕಲ್ಲಿನ ಗೋಡೆಯ ಹಳೆಯ ಮನೆ. ಒಳಗೆ ಮೊಬೈಲಿಗೆ ಜೀವವಿಲ್ಲ. ಮಾಳಿಗೆ ಏರಿದರೆ ಸಿಗ್ನಲ್ ಚೆನ್ನಾಗಿದೆ, ಆದರೆ ಪಕ್ಕದ ಮನೆಯ ಪವರ್‌ಲೂಮುಗಳು ಸೂರ್ಯ ಹುಟ್ಟುವುದರೊಳಗೆ ಸದ್ದು ಶುರುಮಾಡುತ್ತವೆ. ಅಲ್ಲಿ ನಿಂತು ಬೀಸುವ ಕಲ್ಲಿನ ಪದ ಹೇಳಿದರೆ ಪರೀಕ್ಷಕರಿಗೆ ಮಗ್ಗದ ಪದ ಕೇಳಿಸೀತು. ಆದ್ದರಿಂದ ನಾನೊಬ್ಬನೇ ಮಾಳಿಗೆ ಏರಿ, ಒಂದು ಕಿವಿ ಮುಚ್ಚಿಕೊಂಡು, ನಮ್ಮ ಭಾಗದ ಲೈನು ನೋಡಿಕೊಳ್ಳುವ ರಫೀಕ್ ಅವರಿಗೆ ಫೋನ್ ಮಾಡಿದೆ. ರಫೀಕ್ ನನ್ನ ವಯಸ್ಸಿನವರೇ. ಕೇಬಲ್ ಟೀವಿಯ ಕಾಲದಿಂದ ಊರಿನ ಕಂಬಗಳನ್ನೆಲ್ಲ ಏರಿ ಇಳಿದವರು.

“ಸರ್ರ, ಡಬ್ಬಿ ಆರ್ಸಿ ಹಚ್ಚೀರೇನ್ರಿ?”

“ಮೂರು ಸಲ. ಟೈಮ್ ಸಮೇತ ಬರಕೊಂಡೇನಿ.”

“ಪೂರಾ ಆರಿತ್ತೇನ್ರಿ?”

“ನನ್ನ ಕೈಯಾರೆ ಸ್ವಿಚ್ ಒತ್ತೇನಿ ರಫೀಕ್. ನಾ ಸುಳ್ಳು ಹೇಳ್ತೇನೇನು?”

“ಹಂಗಲ್ರಿ, ನೀವು ಪೇಪರ್ ಮಂದಿ, ನಿಮ್ಮ ಮಾತು ಅಂದ್ರ ಖರೆ. ಹಂಗಾರ ಲೈನೇ ಹೋಗೇತಿ. ಹುನಗುಂದ ರೋಡಿನ ಕಡಿಂದ ಒಂದೊಂದ ಕಂಬ ನೋಡ್ಕೋತ ಬರ್ತೇನಿ.”

ಹತ್ತು ಗಂಟೆಯಾಯಿತು. ಗಿರಿಜಾ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಮಾಳಿಗೆ ಏರುವುದು, ರಫೀಕ್‌ಗೆ ಫೋನ್ ಹಚ್ಚುವುದು, ಇಳಿಯುವುದು, ಕೆಂಪು ದೀಪ ನೋಡುವುದು, ಮತ್ತೆ ಏರುವುದು. ಹತ್ತೂಕಾಲಿಗೆ ರಫೀಕ್ ಏಳನೆಯ ಕಂಬದಲ್ಲಿದ್ದರು. ಹತ್ತೂವರೆಗೆ ಹನ್ನೊಂದನೆಯದು. ಅಷ್ಟರಲ್ಲಿ ನನ್ನ ಅಕ್ಷರ ಕೆಟ್ಟಿತ್ತು. ಪುಸ್ತಕದಲ್ಲಿ ಆ ಪುಟ ಇವತ್ತಿಗೂ ಇದೆ. ಪ್ರವಾಹದಲ್ಲಿ, ಹೊಡೆದಾಟದಲ್ಲಿ ನೆಟ್ಟಗಿದ್ದ ಸಾಲುಗಳು ಅಲ್ಲಿ ಇರುವೆ ಹರಿದಂತೆ ಹರಿದಿವೆ. ಗಿರಿಜಾಳ ಇಷ್ಟು ವರ್ಷದ ಕೆಲಸ ನಮ್ಮ ಮನೆಯ ಒಂದು ಡಬ್ಬಿಯ ಮುಂದೆ ಬಂದು ನಿಂತಿತಲ್ಲ ಎಂಬ ಯೋಚನೆ ಬಿಡುತ್ತಿರಲಿಲ್ಲ.

ಹತ್ತೂ ನಲವತ್ತಕ್ಕೆ ಗಿರಿಜಾ ಕೈ ಚಾಚಿದಳು. “ತರ್ರಿ ಇಲ್ಲಿ ಆ ಪುಸ್ತಕ. ಸುಮ್ನ ಕುಂತ್ರ ನನಗ ಹುಚ್ಚು ಹಿಡೀತೈತಿ.”

ಕೊಟ್ಟೆ. ಮುದುಕಿಯರ ಪದಗಳನ್ನು ಓದುವ ಧಾಟಿಯಲ್ಲೇ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. “ಎಂಟು ಹತ್ತು: ಗೋಡೆಯ ಸ್ವಿಚ್ ಆರಿಸಲಾಯಿತು. ಕೆಂಪು ದೀಪ ಉರಿಯುತ್ತಿದೆ. ಎಂಟು ಹದಿನೈದು: ಸ್ವಿಚ್ ಹಾಕಲಾಯಿತು. ಕೆಂಪು ದೀಪ ಉರಿಯುತ್ತಿದೆ.” ಬೆರಳು ಹಿಂದಕ್ಕೆ ಸರಿದು ಮೊದಲ ಸಾಲಿನಲ್ಲಿ ನಿಂತಿತು.

“ಅಲ್ರೀ, ಸ್ವಿಚ್ ಆರ್ಸಿದ ಮ್ಯಾಲೂ ದೀಪ ಹೆಂಗ ಉರೀತು?”

ನನ್ನ ಕಣ್ಣು ಕಪಾಟಿನ ಕಡೆ ಹೋಯಿತು.

ಸಂಗತಿ ಇಷ್ಟೇ. ಕರೆಂಟು ಹೋದಾಗ ಸುದ್ದಿ ಕಳಿಸಲು ತೊಂದರೆಯಾಗಬಾರದೆಂದು ಹೋದ ಬೇಸಿಗೆಯಲ್ಲಿ ನಾನೇ ಬಾಗಲಕೋಟೆಯಿಂದ ಒಂದು ಪುಟ್ಟ ಬ್ಯಾಟರಿ ತಂದು, ಕಪಾಟಿನ ಹಿಂದೆ ಸಿಕ್ಕಿಸಿ, ಡಬ್ಬಿಯ ವೈರನ್ನು ಅದಕ್ಕೆ ಜೋಡಿಸಿದ್ದೆ. ಗೋಡೆಯ ಸ್ವಿಚ್ಚನ್ನು ನೂರು ಸಲ ಆರಿಸಿದರೂ ಡಬ್ಬಿ ಬ್ಯಾಟರಿಯ ಮೇಲೆ ನಿಶ್ಚಿಂತೆಯಿಂದ ಉರಿಯುತ್ತಲೇ ಇತ್ತು. ಅದು ಒಮ್ಮೆಯೂ ಆರಿರಲಿಲ್ಲ. ಆರಿಲ್ಲವೆಂಬುದನ್ನು ನಾನು ಮೂರು ಸಲ, ನಿಮಿಷ ಸಮೇತ, ದಾಖಲಿಸಿದ್ದೆ. ದಾಖಲಿಸಿ, ಆರಿತ್ತೆಂದು ರಫೀಕ್‌ಗೆ ಆಣೆ ಮಾಡಿದಂತೆ ಹೇಳಿದ್ದೆ.

ಗಿರಿಜಾ ಎದ್ದು, ಸೆರಗು ಸಿಕ್ಕಿಸಿಕೊಂಡು, ಕಪಾಟಿನ ಹಿಂದೆ ಕೈ ಹಾಕಿ ವೈರನ್ನು ಕಿತ್ತಳು. ಡಬ್ಬಿ ಸತ್ತಿತು. ಐದು ನಿಮಿಷ ಕಾದೆವು. ನನ್ನ ಲೆಕ್ಕದಲ್ಲಿ ಅದು ಮಲಪ್ರಭೆ ಇಳಿಯಲು ತೆಗೆದುಕೊಂಡಷ್ಟು ಹೊತ್ತು. ಬ್ಯಾಟರಿಯನ್ನು ಬಿಟ್ಟು ನೇರವಾಗಿ ಗೋಡೆಗೆ ಸಿಕ್ಕಿಸಿದಳು. ಕೆಂಪು, ಮತ್ತೆ ಕೆಂಪು, ಮಿಣುಕು, ಹಸಿರು. ಹತ್ತೂ ಐವತ್ತಮೂರು.

“ಹೊರಗ ನಡೀರಿ, ಬಾಗಲಾ ಹಾಕ್ಕೋರಿ” ಎಂದಳು. ಬಾಗಿಲಾಚೆ ನಿಂತು ಕೇಳಿಸಿಕೊಂಡೆ. ಮೊದಲ ಎರಡು ಪ್ರಶ್ನೆಗಳಿಗೆ ಅವಳು ತಡವರಿಸಿ ಉತ್ತರಿಸಿದಳು. ಮೂರನೆಯದಕ್ಕೆ ಒಂದು ಪದವನ್ನೇ ಎತ್ತಿ ಹಾಡಿದಳು. ಒಳಗೆ ಅವಳ ಕೈ ಗುಂಡಗೆ ತಿರುಗುತ್ತಿದ್ದಿರಬೇಕು. ಪರೀಕ್ಷಕರು ಇನ್ನೊಂದು ಹಾಡಿಸಿದರು. ಬಾಗಿಲು ತೆರೆದಾಗ ಅವಳು ಅಳುತ್ತಲೂ ನಗುತ್ತಲೂ ಇದ್ದಳು. ನಾನು ಡಾಕ್ಟರರ ಗಂಡನಾಗಿದ್ದೆ.

ಆಗ ಬಂದರು ರಫೀಕ್, ಮೋಟಾರ್ ಸೈಕಲ್ಲಿಗೆ ಏಣಿ ಕಟ್ಟಿಕೊಂಡು, ಮೈಯೆಲ್ಲ ಧೂಳು. ಅವರಿಗೆ ಫೋನ್ ಮಾಡಿ ಸಾಕು ಎಂದು ಹೇಳಲು ನಾನು ಮರೆತೇಬಿಟ್ಟಿದ್ದೆ. “ಹದಿನೆಂಟನೇ ಕಂಬದಾಗ ಒಂದು ಜೋಡಣಿ ಸಡ್ಲ ಇತ್ರಿ, ಬಿಗಿ ಮಾಡೇನಿ. ಬಂತಿಲ್ರಿ?” ಎಂದರು. ಗಿರಿಜಾ ನನ್ನ ಮುಖ ನೋಡಿದಳು. ಸತ್ಯ ಹೇಳುವುದೇ ನನ್ನ ಹೊಟ್ಟೆಪಾಡು. ಆದರೂ, “ಬಂತು ರಫೀಕ್. ನಿಮ್ಮ ಉಪಕಾರ ಭಾಳ ಆತು” ಎಂದೆ.

ಗಿರಿಜಾ ಚಹಾ ತಂದಳು. ರಫೀಕ್ ಕುಡಿಯುತ್ತ ಡಬ್ಬಿ ನೋಡಿದರು, ಗೋಡೆ ನೋಡಿದರು, ಕಪಾಟಿನ ಹಿಂದಿನಿಂದ ಬಾಲದಂತೆ ಜೋತಿದ್ದ ಬ್ಯಾಟರಿಯ ವೈರು ನೋಡಿದರು. ಕಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಹೊಸ್ತಿಲಾಚೆ ಹೋದ ಮೇಲೆ ತಿರುಗಿದರು.

“ಸರ್ರ, ಮುಂದ ಹಿಂಗೇನರ ಆದ್ರ ಫೋನು ನೀವು ಹಚ್ರಿ, ಮಾತಾಡ್ಲಿಕ್ಕೆ ಮಾತ್ರ ಅಕ್ಕಾರ ಕೈಯಾಗ ಕೊಡ್ರಿ.”

ಇದನ್ನು ನಾನು ಬರೆದುಕೊಳ್ಳಲಿಲ್ಲ. ಗಿರಿಜಾ ದಿನಕ್ಕೆರಡು ಸಲ ಹೇಳಿ ತೋರಿಸುವುದರಿಂದ, ಬರೆದುಕೊಳ್ಳುವ ಅಗತ್ಯವೇ ಬಿದ್ದಿಲ್ಲ.