ಮೊದಲು ಯಾರು ಇಳಿಯಬೇಕು?

"ಇಳೀರಿ ಸಾರ್, ಬಿಸಿಲು ಏರ್ತಾ ಇದೆ," ಅಂದ ಡ್ರೈವರ್.

"ನಾನ್ಯಾಕಯ್ಯಾ ಮೊದಲು ಇಳೀಲಿ? ಅವನಿಗೆ ಕಾಲಿಲ್ವಾ?"

ಸಚಿವರು ಕಾರಿನ ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದರು. ಎದುರಿಗೆ ಹೊಳೆ, ಹೊಳೆಗೆ ಹೊಸ ಸೇತುವೆ, ಸೇತುವೆಯ ನಟ್ಟನಡುವೆ ಕೆಂಪು ರಿಬ್ಬನ್ನು. ಆಚೆ ತುದಿಯಲ್ಲಿ ಪಕ್ಕದ ದೇಶದ ಸಚಿವರ ಕಾರು; ಅದರ ಬಾಗಿಲೂ ಮುಚ್ಚಿಯೇ ಇತ್ತು. ಎರಡು ದೇಶಗಳ ಸಹಕಾರಕ್ಕೆಂದೇ ಕಟ್ಟಿದ ಸೇತುವೆ, ಇಬ್ಬರೂ ಸೇರಿ ಕತ್ತರಿಸಬೇಕಾದ ರಿಬ್ಬನ್ನು. ಆದರೆ ಮೊದಲು ಹೋದವನು ಕಾಯಬೇಕು, ಕಾದವನು ಸಣ್ಣವನು. ಘನ ಸರ್ಕಾರಗಳು ನಡೆಯುವುದೇ ಇಂಥ ಲೆಕ್ಕಾಚಾರದ ಮೇಲೆ.

ಡ್ರೈವರನಿಗೆ ಮಾತ್ರ ಅವಸರ. ಮಗಳನ್ನು ಆಚೆ ದೇಶಕ್ಕೆ ಕೊಟ್ಟಿದ್ದಾನೆ, ಹುಟ್ಟಿದ ಮೊಮ್ಮಗಳ ಮುಖ ಇನ್ನೂ ನೋಡಿಲ್ಲ. ಇವತ್ತು ಮಗಳು ಕೂಸನ್ನು ಎತ್ತಿಕೊಂಡು ಆಚೆ ದಡದ ಜನರ ನಡುವೆ ನಿಂತಿದ್ದಾಳೆ. ಸಚಿವರಿಬ್ಬರೂ ಬಂದು ನಿಲ್ಲುವ ತನಕ ಒಂದು ನರಪಿಳ್ಳೆಯೂ ಸೇತುವೆಗೆ ಕಾಲಿಡುವಂತಿಲ್ಲ.

ಮುಂದಿನ ಸೀಟಿನಲ್ಲಿದ್ದ ಪಿ.ಎ. ಫೋನಿನಲ್ಲಿ ಜೇನು ಸುರಿಸುತ್ತಿದ್ದ.

"ಹಲೋ, ನಿಮ್ಮ ಸಾಹೇಬರು ಇಳಿದ್ರಾ? ನಮ್ಮವರಾ? ಇಳಿದೇಬಿಟ್ರು, ಒಂದು ಕಾಲು ಹೊರಗಿದೆ. ಓಹೋ, ನಿಮ್ಮವರದ್ದೂ ಒಂದು ಕಾಲು ಹೊರಗಿದೆಯಾ? ಬಹಳ ಸಂತೋಷ." ಫೋನ್ ಇಟ್ಟು ಹಿಂದೆ ತಿರುಗಿದ. "ಸಾರ್, ಅವರು ಅಲ್ಲಾಡಿಲ್ಲ."

"ನಿನಗೆ ಹೇಗೆ ಗೊತ್ತು?"

"ನಾನೂ ಅದೇ ಸುಳ್ಳು ಹೇಳಿದೆನಲ್ಲ ಸಾರ್."

"ನೋಡಿದೆಯಾ! ಇಷ್ಟು ವರ್ಷ ಮಾತುಕತೆಗೆ ಹೋಗಿದೀನಿ, ಒಂದು ಸಲಾನೂ ನಾನು ಮೊದಲು ಕುರ್ಚೀಲಿ ಕೂತವನಲ್ಲ."

"ಅದಕ್ಕೇ ಸಾರ್, ಆ ಮಾತುಕತೆಯಿಂದ ನಯಾಪೈಸೆ ಪ್ರಯೋಜನ ಆಗಲಿಲ್ಲ," ಅಂದ ಡ್ರೈವರ್. "ನನ್ನ ಮಗಳ ಮದುವೆ ಆಯ್ತು, ಅದೊಂದೇ."

"ನಿನ್ನ ಮಗಳ ಮದುವೆಗೂ ನನ್ನ ಮಾತುಕತೆಗೂ ಏನಯ್ಯಾ ಸಂಬಂಧ?"

"ನೀವಿಬ್ಬರು ಒಳಗೆ ಮುಖ ತಿರುಗಿಸಿಕೊಂಡು ಕೂತಿರ್ತಿದ್ರಿ. ಹೊರಗೆ ನಾನೂ ಅವರ ಡ್ರೈವರೂ ಎಷ್ಟು ಹೊತ್ತು ಅಂತ ಟೈರು ಒದೀತಾ ನಿಲ್ಲೋಣ? ಮಾತಿಗೆ ಮಾತು ಬೆಳೀತು, ಸಂಬಂಧ ಕುದುರಿತು."

"ಇದನ್ನ ಜಂಟಿ ಹೇಳಿಕೆಗೆ ಸೇರಿಸಬಹುದು ಸಾರ್," ಅಂದ ಪಿ.ಎ. "ಬೇರೇನೂ ಇಲ್ಲ ಸೇರಿಸೋಕೆ."

"ಬಾಯಿ ಮುಚ್ಚು. ಅಂದ್ರೆ ಆ ಕಾರಲ್ಲಿ ಕೂತಿರೋ ಡ್ರೈವರ್ ನಿನ್ನ ಬೀಗನಾ?"

"ಹೌದು ಸಾರ್. ದೊಡ್ಡೋರು ನೀವು, ಒಂದು ಹೆಜ್ಜೆ ಮುಂದೆ ಇಟ್ರೆ ನಿಮ್ಮ ಗಂಟೇನು ಹೋಗುತ್ತೆ?"

ಸಚಿವರ ಮುಖ ಅರಳಿತು.

"ಹಾಗಾದ್ರೆ ನೀನೇ ಹೋಗು! ಬೀಗನ್ನ ಕೂಗಿ ಕರಿ. ಡ್ರೈವರೇ ಇಳಿದು ಬಂದ ಮೇಲೆ ಆ ಮನುಷ್ಯ ಒಬ್ಬನೇ ಎಷ್ಟು ಹೊತ್ತು ಕೂರ್ತಾನೆ ನೋಡೋಣ."

ಡ್ರೈವರ್ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಾನಾ? ಅದು ಮಾತ್ರ ಆಗಲ್ಲ ಸಾರ್."

"ಯಾಕಯ್ಯಾ?"

"ಮದುವೆ ಊಟಕ್ಕೆ ನನ್ನನ್ನ ಕಡೇ ಪಂಕ್ತೀಲಿ ಕೂರಿಸಿದ ಆಸಾಮಿ ಅವನು! ಹೆಣ್ಣು ಕೊಟ್ಟೋನು ಅಂತ ನಾನೇ ಹೋಗಿ ಹಲ್ಲು ಕಿರಿದ್ರೆ ಸದರ ಆಗಲ್ವಾ? ಬೇಕಾದ್ರೆ ಅವನೇ ಬರಲಿ. ಅವನಿಗೆ ಕಾಲಿಲ್ವಾ?"

"ಥೂ ನಿನ್ನ! ಮೊಮ್ಮಗಳಿಗಿಂತ ನಿನ್ನ ಜಂಬ ಹೆಚ್ಚಾಯ್ತಾ? ನಿನ್ನಂಥೋರಿಂದಲೇ ಕಣಯ್ಯಾ ಎರಡು ಮನೆ ಒಂದಾಗಲ್ಲ!"

"ಹೇಳೋದು ಸುಲಭ ಸಾರ್."

ಅಷ್ಟರಲ್ಲಿ ಡ್ರೈವರನ ಫೋನು ಹೊಡೆದುಕೊಂಡಿತು. ಮಗಳ ದನಿಗಿಂತ ಮೊದಲು ಕೂಸಿನ ಅಳು ಕಾರು ತುಂಬಿತು.

"ಅಪ್ಪಾ, ಬಿಸಿಲಿಗೆ ಮಗು ಬಾಡಿಹೋಗ್ತಿದೆ. ಇಲ್ಲಿ ಮಾವನೂ ಹಟ ಹಿಡಿದು ಕೂತಿದಾರೆ. ನಾನು ಮನೆಗೆ ಹೊರಟೆ."

ಡ್ರೈವರ್ ಆಚೆ ದಡದ ಕಡೆ ಕತ್ತು ಚಾಚಿ ನೋಡಿದ. ಆದರೂ ಪಾಪಿಯ ಕೈ ಬಾಗಿಲ ಕಡೆ ಹೋಗಲಿಲ್ಲ. ಸಚಿವರಿಗೆ ತಡೆಯಲಾಗಲಿಲ್ಲ.

"ಹೋಗಬೇಡ ಅನ್ನೋ ಅವಳಿಗೆ! ನಿನ್ನ ಬೀಗನಿಗೆ ನಾನೇ ಬುದ್ಧಿ ಹೇಳ್ತೀನಿ!" ಅಂದವರೇ ದಡಾರನೆ ಬಾಗಿಲು ತೆಗೆದು ಹೊರಟುಬಿಟ್ಟರು.

"ಸಾರ್, ಶಿಷ್ಟಾಚಾರ! ಸಾರ್!" ಎಂದು ಪಿ.ಎ. ಹಿಂದೆಯೇ ಓಡಿದ.

ಆಚೆ ಕಾರಿನ ಬಾಗಿಲೂ ತೆರೆಯಿತು. ದಪ್ಪನೆಯ ಸಚಿವರೊಬ್ಬರು ಬುಸುಬುಸು ಅನ್ನುತ್ತ ಈ ಕಡೆಗೇ ಬಂದರು. ರಿಬ್ಬನ್ನಿನ ಆಚೀಚೆ ಇಬ್ಬರೂ ಎದುರಾದರು.

"ನಿಮ್ಮ ಡ್ರೈವರ್‌ಗೆ ಸ್ವಲ್ಪ ಬುದ್ಧಿ ಹೇಳೋಣ ಅಂತ ಬಂದೆ."

"ನಿಮ್ಮವನಿಗೆ ಹೇಳೋಕೆ ನಾನೂ ಬಂದೆ. ನಮ್ಮವನಂತೂ ಮಹಾ ಹಟಮಾರಿ ರೀ!"

"ನಮ್ಮವನೇನು ಕಮ್ಮಿಯಾ!"

ಇಬ್ಬರೂ ಕೈಕೈ ಹಿಡಿದು ನಕ್ಕರು. ಕ್ಯಾಮೆರಾಗಳು ಮಿಂಚಿದವು. ಕಾದು ಸಾಕಾಗಿದ್ದ ಬ್ಯಾಂಡಿನವರು ಬಾರಿಸಿಯೇಬಿಟ್ಟರು. ಕತ್ತರಿ ಎಲ್ಲಿದೆ ಎಂದು ಯಾರಿಗೂ ನೆನಪಾಗಲಿಲ್ಲ. ಆ ಗದ್ದಲದಲ್ಲಿ ಮಗಳು ಕೂಸನ್ನು ಅವಚಿಕೊಂಡು ರಿಬ್ಬನ್ನಿನ ಕೆಳಗೆ ನುಸುಳಿ ಬರುವುದು ಡ್ರೈವರನಿಗೆ ಕಂಡಿತು. ಬೀಗ, ಪಂಕ್ತಿ, ಸದರ ಎಲ್ಲ ಮರೆತು ಅವನು ಓಡಿದ. ಕೂಸನ್ನು ಎತ್ತಿಕೊಂಡು ನಡುಸೇತುವೆಯಲ್ಲಿ ಗೊಳೋ ಎಂದು ಅತ್ತ.

"ಏನಯ್ಯಾ, ಕೊನೆಗೂ ಬೀಗನಿಗಿಂತ ಮೊದಲು ನೀನೇ ಬಂದೆಯಲ್ಲ!" ಎಂದು ಸಚಿವರು ಬೆನ್ನು ತಟ್ಟಿದರು.

ಡ್ರೈವರ್ ಕಣ್ಣೊರೆಸಿಕೊಂಡ.

"ನಾನೆಲ್ಲಿ ಸಾರ್ ಮೊದಲು? ನಮ್ಮ ಕಾರಿಂದ ಮೊದಲು ಇಳಿದೋರು ನೀವು."

ಸಚಿವರ ನಗು ಅಲ್ಲೇ ಆರಿತು. ಪಿ.ಎ.ಯನ್ನು ಪಕ್ಕಕ್ಕೆ ಎಳೆದುಕೊಂಡರು.

"ಏಯ್, ನಿಜ ಹೇಳು. ನಾನು ಮೊದಲು ಇಳಿದೆನೋ, ಆ ಸಚಿವನೋ?"

"ಅದನ್ನ ತೀರ್ಮಾನ ಮಾಡೋಕೆ ಎರಡೂ ದೇಶದ ಜಂಟಿ ಸಮಿತಿ ಆಗಿದೆ ಸಾರ್, ಈಗಷ್ಟೇ ಅವರ ಪಿ.ಎ. ಜೊತೆ ಮಾತಾಡಿದೆ. ಮೊದಲನೇ ಸಭೆಗೆ ಅವರು ಬಂದ ಮೇಲೆ ನಾವು ಹೋದ್ರೆ ಸಾಕು."