ಅಕ್ಕಾರ ಪಿಎಚ್‌ಡಿ ಮತ್ತು ಮೂಡಲಗಿಯ ಜೋಗವ್ವ

ನಗೆಪಾಟಲಿನ ಪ್ರಸಂಗಗಳು ಕೆಲವರ ಬೆನ್ನಿಗೆ ಬೀದಿನಾಯಿಯಂತೆ ತಾವಾಗಿಯೇ ಹತ್ತಿಕೊಂಡು ಬರುತ್ತವೆ. ನಮ್ಮ ಅಕ್ಕಾರ ಬೆನ್ನಿಗೂ ಬಂದವು. ಅವುಗಳ ಹಿಂದೆ ನಾನಿದ್ದೆ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು ನಾನು ಗೋಕಾಕದ ಮನೆಯಲ್ಲಿ ಬಿದ್ದಿದ್ದಾಗ ನಮ್ಮ ಮೇಲಿನ ಖೋಲಿಗೆ ಧಾರವಾಡದ ಅಕ್ಕಾರೊಬ್ಬರು ಬಾಡಿಗೆಗೆ ಬಂದರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ಆಸೆ, ಕನಸು, ಮನಸ್ಸಿನ ತಳದ ಸಂಗತಿಗಳ ಮೇಲೆ ಅವರದು ಪಿಎಚ್‌ಡಿ. ಪುಸ್ತಕ ಓದಿ ಓದಿ ಒಂದು ಟ್ರಂಕಿನಷ್ಟು ಬರೆದಿದ್ದರು. ಅವರ ಗೈಡು ಎಲ್ಲ ಓದಿ, ಇದರಲ್ಲಿ ಜೀವಂತ ಮನುಷ್ಯರು ಒಬ್ಬರೂ ಇಲ್ಲ ಎಂದು ವಾಪಸು ಕಳಿಸಿದ್ದರಂತೆ. ದೀಪಾವಳಿಯೊಳಗೆ ಯಾರಾದರೊಬ್ಬರು ಬಾಯಿಬಿಟ್ಟು ತಮ್ಮ ಬಾಳಿನ ಕಥೆ ಹೇಳಬೇಕು, ಇಲ್ಲದಿದ್ದರೆ ಆರು ವರ್ಷದ ಓದು ನೀರುಪಾಲು. ನಮ್ಮಪ್ಪನ ಹಳೇ ಮೊಪೆಡ್ ಓಡಿಸಲು ನನಗೆ ಬರುತ್ತಿತ್ತು. ನನ್ನನ್ನು ಜೊತೆಗೆ ಇಟ್ಟುಕೊಂಡದ್ದು ಅಷ್ಟಕ್ಕೇ.

೧. ನನ್ನ ಕನಸುಗಳು

ಪ್ರಶ್ನೆ ಕೇಳುವ ರೂಢಿಯಾಗಲಿ ಎಂದು ಅಕ್ಕಾರು ಮೊದಲು ನನ್ನನ್ನೇ ಎದುರಿಗೆ ಕೂಡಿಸಿಕೊಂಡು ಕನಸು ಕೇಳಿದರು. ನನಗೆ ಕನಸು ಬೀಳುವುದೇ ಇಲ್ಲ. ಹಾಗಂದರೆ ಚಹಾ ತಪ್ಪೀತೆಂದು ಹೊಸೆಯತೊಡಗಿದೆ. ಗೋಕಾಕದ ಧಬಧಬಿ ಜಲಪಾತದಲ್ಲಿ ನೀರಿನ ಬದಲು ಕಬ್ಬಿನ ಹಾಲು ಬಿತ್ತು, ಗಣಿತದ ಮಾಸ್ತರು ಕೊಡೆ ಹಿಡಿದುಕೊಂಡು ಅದರಲ್ಲಿ ತೇಲಿ ಹೋದರು, ಕರದಂಟಿನ ಸೇತುವೆ ಮೇಲೆ ನಮ್ಮವ್ವ ಎಮ್ಮೆ ಹತ್ತಿ ಬಂದಳು. ಅಕ್ಕಾರು ಹನ್ನೊಂದು ಹಾಳೆ ಬರೆದುಕೊಂಡು, ಕೊಡೆ ಅಂದರೇನು, ಎಮ್ಮೆ ಅಂದರೇನು ಎಂದು ಬಾಜೂಕ್ಕೆ ಬೇರೆ ಬಣ್ಣದಲ್ಲಿ ಅರ್ಥ ಬರೆದರು.

ಚಹಾ ತಂದ ನಮ್ಮವ್ವ ಎಲ್ಲ ಕೇಳಿಸಿಕೊಂಡು, "ಅಕ್ಕಾರ, ಇವಗ ಕನಸ ಎಲ್ಲಿ ಬೀಳ್ತಾವ್ರಿ? ಇವನ ಗೊರಕಿಗೆ ಹೆದರಿ ಹೊರಗ ನಿಂತಿರ್ತಾವ," ಅಂದಳು.

ಅಕ್ಕಾರು ಹಾಳೆ ಹರಿಯುತ್ತಾರೆಂದು ನಾನು ಕಾದೆ. ಅವರು ನಕ್ಕು, ಮೇಲ್ಗಡೆ 'ಪೂರ್ತಿ ಸುಳ್ಳು, ಆದರೆ ಬಹಳ ಮುಖ್ಯ' ಎಂದು ಬರೆದು ಫೈಲಿಗೆ ಹಾಕಿದರು. ಇದೇ ಸುಳ್ಳಿಗೆ ಸಾಲಿಯಲ್ಲಿ ನನ್ನ ಬೆನ್ನು ಮುರಿದಿದ್ದರು. ನಾನು ಸೀದಾ ಪಿಎಚ್‌ಡಿಗೇ ಸೇರಬೇಕಿತ್ತು.

೨. ಹುಕ್ಕೇರಿಯ ಬಳೆ

ಹುಕ್ಕೇರಿಯಲ್ಲಿ ಗಂಡಾಗಿ ಹುಟ್ಟಿ ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟ ಒಬ್ಬ ಜೋಗವ್ವ ಇದ್ದಾಳೆಂದು ಹೋದೆವು. ಆಕೆ ಊರಲ್ಲಿರಲಿಲ್ಲ. ಅಕ್ಕಾರು ಬೇಜಾರಿನಿಂದ ಅಲ್ಲೇ ಒಂದು ಮನೆಯ ಕಟ್ಟೆ ಮೇಲೆ ಕೂತು ನೋಟಬುಕ್ಕು ತೆಗೆದದ್ದೇ ತಡ, ಪಿಂಚಣಿಗೆ ಹೆಸರು ಬರೆಯುತ್ತಾರೆಂದು ಓಣಿಯೇ ಪಾಳಿ ಹಚ್ಚಿತು. ನಾನೂ ಸುಮ್ಮನಿರದೆ, ಗದ್ದಲ ಮಾಡಬೇಡಿರೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ.

ಅಕ್ಕಾರು ಕೈಮುಗಿದು, ನಾನು ಪಿಂಚಣಿ ಕೊಡುವವಳಲ್ಲ, ಕಥೆ ಕೇಳುವವಳು ಎಂದರು. ಸಾಲು ಕರಗಿತು. ಮುಂದಿದ್ದ ಒಬ್ಬ ಅಜ್ಜ ಮಾತ್ರ, ಕೇಳುವವರಾದರೂ ಎಲ್ಲಿ ಸಿಗುತ್ತಾರೆಂದು ಕೂತುಬಿಟ್ಟ. ಅವನಿಗಿಂತ ಮುಂಚೆ ಹುಟ್ಟಿದ ಮೂರು ಗಂಡುಮಕ್ಕಳು ಉಳಿದಿರಲಿಲ್ಲವಂತೆ. ಇವನಾದರೂ ಸಾವಿನ ಕಣ್ಣಿಗೆ ಬೀಳದಿರಲೆಂದು ಅವನವ್ವ ಮೂಗು ಚುಚ್ಚಿಸಿ, ಪರಕಾರ ತೊಡಿಸಿ, ಕೈತುಂಬ ಬಳೆ ಹಾಕಿ ಹೆಣ್ಣೆಂದೇ ಬೆಳೆಸಿದಳು. ಸಾಲಿಗೆ ಹಚ್ಚಿದ ದಿನ ಮಾಸ್ತರು ಬಳೆ ಒಡೆದು ಹಾಕಿದರು.

ಆಗ ಏನನ್ನಿಸಿತು ಎಂದು ಅಕ್ಕಾರು ಮೆಲ್ಲಗೆ ಕೇಳಿದರು. ಅಜ್ಜ ತನ್ನ ಮುಂಗೈ ನೋಡಿಕೊಂಡ. "ಕೈ ಹಗರ ಆತವಾ. ಭಾಳ ಹಗರ ಆತು."

ಅಕ್ಕಾರು ಅದನ್ನು ಹಾಗೇ ಬರೆದುಕೊಂಡರು. ಆಗ ಆ ಮನೆಯ ಬಾಗಿಲ ಹಿಂದಿನಿಂದ ಅಜ್ಜನ ಹೆಂಡತಿಯ ದನಿ ಬಂತು. "ಈಗೂ ಬಳಿಗಾರ ಬಂದ್ರ ನನಗಿಂತ ಮದ್ಲ ಇವರ ಹೋಗಿ ಕುಂದರ್ತಾರ್ರಿ. ನಿನಗ ಯಾವ ಬಣ್ಣ ಬೇಕಂತ ಲಗ್ನ ಆದಾಗಿಂದ ನನ್ನ ಯಾರೂ ಕೇಳಿಲ್ಲ."

೩. ಐದು ಮನೆ

ಅಕ್ಕಾರ ಪಟ್ಟಿಯಲ್ಲಿ ಉಳಿದದ್ದು ಮೂಡಲಗಿಯ ಜೋಗವ್ವ ಒಬ್ಬಳೇ. ಹಿಂದಿನಿಂದ ಊರವರು ಜೋಗಪ್ಪ ಅನ್ನುತ್ತಿದ್ದರು, ಎದುರಿಗೆ ಬಂದರೆ ಎಲ್ಲರಿಗೂ ಅವ್ವ. ಹದಿನೈದನೇ ವಯಸ್ಸಿಗೆ ಎಲ್ಲಮ್ಮ ಮೈಮೇಲೆ ಬಂದು ಸೀರೆ ಉಟ್ಟವಳು. ಮೂರು ಸಲ ನಮ್ಮನ್ನು ಅಂಗಳದಿಂದಲೇ ತಿರುಗಿ ಕಳಿಸಿದಳು. ಹಿಂದೆ ಬಂದವರೆಲ್ಲ ಫೋಟೋ ಹೊಡೆದುಕೊಂಡು ಹೋದವರು ಮತ್ತೆ ಮುಖ ತೋರಿಸಿಲ್ಲವೆಂಬ ಸಿಟ್ಟು ಆಕೆಗೆ. ನಾಲ್ಕನೇ ಸಲ, ಒಂದು ಮಂಗಳವಾರ, ಅಕ್ಕಾರ ಹಣೆಗೆ ಅರಿಶಿನದ ಭಂಡಾರ ಹಚ್ಚಿ ಕೈಗೆ ಜೋಗದ ಬಿದಿರು ಬುಟ್ಟಿ, ಪಡ್ಡಲಗಿ, ಕೊಟ್ಟಳು.

"ಕೇಳೂದಂದ್ರ ನಮ್ಮಲ್ಲಿ ಒಂದ ಪದ್ಧತಿ ಐತಿ. ಎಲ್ಲಮ್ಮನ ಹೆಸರಲೆ ಐದ ಮನಿ ಜೋಗ ಕೇಳಿ ಬಾ. ಆಮ್ಯಾಲ ನನ್ನ ಕೇಳು."

ಮೊದಲನೇ ಬಾಗಿಲಲ್ಲಿ ಅಕ್ಕಾರಿಗೆ ದನಿಯೇ ಹೊರಡಲಿಲ್ಲ, ಅವರ ಪಾಲಿನ ಜೋಗವನ್ನೂ ನಾನೇ ಕೂಗಿದೆ. ಎರಡನೇ ಮನೆಯಲ್ಲಿ ಕೂಸೊಂದು ತನ್ನ ಬಾಯಲ್ಲಿದ್ದ ಬಿಸ್ಕೀಟು ತೆಗೆದು ಪಡ್ಡಲಗಿಗೆ ಹಾಕಿತು. ಮೂರನೇ ಮನೆಯ ಸಾವಕಾರರ ಹೆಂಡತಿ ಜೋಳ ನೀಡಿ ಕಾಲಿಗೆ ಬಾಗಿದರು, ಗಾಬರಿಯಾಗಿ ಅಕ್ಕಾರೂ ಬಾಗಿ ಇಬ್ಬರ ತಲೆ ಢಣ್ ಅಂದವು. ನಾಲ್ಕನೇ ಮನೆಯವನು ಪೇಪರಿನಿಂದ ಕಣ್ಣೆತ್ತದೆ ಮುಂದೆ ಹೋಗು ಅಂದ. ಅಕ್ಕಾರು ಒಡ್ಡಿದ ಪಡ್ಡಲಗಿ ಹಿಂದಕ್ಕೆ ತೆಗೆದುಕೊಂಡರು.

ಐದನೇ ಮನೆಯ ಮುದುಕಿ ಒಂದು ಬೊಗಸೆ ಹಿಟ್ಟು ಹಾಕಿ, ಅವರ ಚಸ್ಮಾ, ಕೈಗಡಿಯಾರ ಎಲ್ಲ ನೋಡಿ ಮರುಗಿದಳು. "ಕಲತಾಕಿ ಕಾಣ್ತಿ. ನೌಕರಿ ಸಿಗಲಿಲ್ಲೇನ ತಂಗಿ?" ಇನ್ನೂ ಓದುತ್ತಿದ್ದೇನೆ ಎಂದರು ಅಕ್ಕಾರು. ಮುದುಕಿ ಅವರ ನರೆಗೂದಲು ನೋಡಿ, ಇನ್ನೆರಡು ಬೊಗಸೆ ಹಿಟ್ಟು ಹಾಕಿದಳು.

೪. ಟೇಪು

ಯಾವ ಮನೆ ಭಾರವಾಯಿತು ಎಂದು ಜೋಗವ್ವ ಕೇಳಿದಳು. ನಾಲ್ಕನೇದು, ಮುಖ ನೋಡಲಿಲ್ಲ ಎಂದರು ಅಕ್ಕಾರು.

"ನನ್ನ ಪಾಲಿಗೆ ಅದು ನಮ್ಮಪ್ಪನ ಮನಿ," ಎಂದು ಜೋಗವ್ವ ನಾನು ಹೊತ್ತು ತಂದಿದ್ದ ಟೇಪ್ ರೆಕಾರ್ಡರಿನ ಕಡೆ ಕೈ ಮಾಡಿದಳು. "ಹಚ್ಚಪಾ."

ನಾನು ಎರಡು ತಾಸು ಬಾಯಿ ಮುಚ್ಚಿಕೊಂಡು ಕೂತದ್ದು ಜನ್ಮದಲ್ಲಿ ಅದೊಂದೇ ಸಲ. ಬಣವೆಯ ಹಿಂದೆ ಅಕ್ಕನ ಸೀರೆ ಉಟ್ಟು ನೋಡಿಕೊಂಡದ್ದು, ಅಪ್ಪ ಕದ ಹಾಕಿದ್ದು, ಎಲ್ಲ ಹೇಳಿದಳು. ಅವಳವ್ವ ಮುಖ ತೋರಿಸುವಂತಿರಲಿಲ್ಲ. ಆದರೆ ಪ್ರತಿ ಮಂಗಳವಾರ ಇವಳು ಜೋಗ ಕೇಳುತ್ತ ಹೋದಾಗ ಹಿತ್ತಲ ಗೋಡೆ ಮೇಲೆ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಇರುತ್ತಿತ್ತು. ಒಂದು ಮಂಗಳವಾರ ಗೋಡೆ ಖಾಲಿ ಇತ್ತು. ಅವ್ವ ತೀರಿಕೊಂಡ ಸುದ್ದಿ ತನಗೆ ತಿಳಿದದ್ದು ಹಾಗೆ, ಅಂದಳು.

ಅಕ್ಕಾರು ಸೆರಗಿನಿಂದ ಚಸ್ಮಾ ಒರೆಸಿಕೊಂಡರು. ಜೋಗವ್ವ ಎಲೆ ಅಡಿಕೆ ಹಾಕಿಕೊಂಡು, ನಂದಾಯಿತು, ಈಗ ನಿನ್ನ ಪಾಳಿ, ನಿನಗೆ ಯಾವ ಕನಸು ಬೀಳುತ್ತವೆ ಎಂದು ಕೇಳಿದಳು.

ಅಕ್ಕಾರು ತಡವರಿಸಿ, ಸುಪ್ತ ಮನಸ್ಸು, ದಮನಿತ ಬಯಕೆ ಎಂದೇನೋ ಶುರುಮಾಡಿದರು. ಜೋಗವ್ವ ಕೈ ಅಡ್ಡ ಹಿಡಿದಳು. "ಪುಸ್ತಕದ್ದಲ್ಲ ತಂಗಿ. ನಿಂದು."

ಅಕ್ಕಾರು ನೋಟಬುಕ್ಕು ಮುಚ್ಚಿ ಬದಿಗಿಟ್ಟರು. ಆಮೇಲೆ ನಿಜ ಹೇಳಿದರು. ಕನಸು ಬೀಳುತ್ತವೆ, ಆದರೆ ಪ್ರತಿ ಕನಸಿನ ಕೆಳಗೆ ಅಡಿಟಿಪ್ಪಣಿ ಇರುತ್ತವೆ, ಅವನ್ನು ಓದುವುದರೊಳಗೆ ಎಚ್ಚರವಾಗುತ್ತದೆ. ಅಡಿಟಿಪ್ಪಣಿ ಎಂದರೇನೆಂದು ಜೋಗವ್ವ ನನ್ನನ್ನು ಕೇಳಿದಳು. ಪುಟದ ತಳದಲ್ಲಿ, ಇದನ್ನು ಹೇಳಿದವರು ಯಾರೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ ಎಂದೆ.

ಜೋಗವ್ವ ಅಕ್ಕಾರ ತಲೆ ಸವರಿ, ನಾಡಿ ಹಿಡಿದು ನೋಡಿದ ವೈದ್ಯರಂತೆ ಗಂಭೀರವಾಗಿ ನನ್ನ ಕಡೆ ತಿರುಗಿದಳು.

"ಟೇಪ್ ಬಂದ್ ಮಾಡಪಾ. ಇದು ಒಂದ ದಿನದಾಗ ಗುಣ ಆಗೂದಲ್ಲ. ಮಂಗಳವಾರಕ್ಕೊಮ್ಮಿ ಕರಕೊಂಡ ಬಾ."