ವಿಮಾನದ ಬಾಲ ಹಿಡಿಯುವವರಿಗೆ ಒಂದು ಅಹವಾಲು

ಮಾನ್ಯ ಯಾ-ಡ್ಯಾಂಪರ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ, ರಾಯದುರ್ಗದ ಕಡೆಯ ಕುರಿಗಾರ ಗಾದಿಲಿಂಗಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾಯಿಯವರನ್ನು ವಿಮಾನದಲ್ಲಿ ಕಾಶಿಗೆ ಕರೆದೊಯ್ದ ದಿನ, ಇಳಿದ ಮೇಲೆ ಪೈಲಟ್ ಸಾಹೇಬರಿಂದ ತಮ್ಮ ಹೆಸರು ಕೇಳಿ ಧನ್ಯನಾದೆ. ಹಿಂದಕ್ಕೆ ಬಾಗಿದ ರೆಕ್ಕೆಯ ಜೆಟ್ಟಿನ ಮೂಗು ಒಂದು ಕಡೆ ಹೊರಳಿದರೆ, ಮುಂದೆ ಬಂದ ರೆಕ್ಕೆ ಮೇಲೇಳುತ್ತದಂತೆ, ಎದ್ದದ್ದನ್ನೇ ಗಾಳಿ ಹಿಂದಕ್ಕೆ ಜಗ್ಗುತ್ತದಂತೆ, ಹೀಗೆ ಬಾಲ ಅತ್ತಿತ್ತ ಆಡುತ್ತಲೇ ಇರುತ್ತದಂತೆ. ಅದನ್ನು ಸುಮ್ಮನಾಗಿಸುವ ಯಂತ್ರ ತಾವು. ಅಂದು ತಾವು ಕೆಟ್ಟು ಕೂತಿದ್ದಿರಿ. ಇರಲಿ, ದುಡಿಯುವವರಿಗೂ ರಜೆ ಬೇಕು.

ಆದರೆ ಕಡೆಯ ಸಾಲಿನಲ್ಲಿ ನನ್ನ ತಾಯಿ ನಾಗಕ್ಕನವರು ಕೂತಿದ್ದರು. ನಾನು ಮೆಚ್ಚಿದ ಹುಡುಗಿ ಶಿವಲೀಲಾಳನ್ನು ನನಗೆ ಹೆಂಡತಿಯಾಗಿ ತರಬಹುದೇ ಎಂದು ಅವರು ನಮ್ಮೂರ ಆಂಜನೇಯನಿಗೆ ಹೂ ಏರಿಸಿ ಕೇಳಿದ್ದರು. ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ; ಎರಡೂ ಬೀಳಲಿಲ್ಲ. "ಅಂವ ಗಾಳಿ ಮಗ ಅದಾನಪ್ಪ, ಇಲ್ಲಿ ಹತ್ರ ಆಗ್ತಾನ, ಇನ್ನೊಮ್ಮೆ ಕೇಳ್ತೀನಿ" ಎಂದು ಅವರು ಮೋಡದ ಮೇಲೆ ಕಣ್ಣು ಮುಚ್ಚಿದ ಗಳಿಗೆಗೇ ಬಾಲ ಬಲಕ್ಕೆ ಹೋಯಿತು. ನನಗೆ ಸಂತೋಷಕ್ಕೆ ಜೀವ ಬಾಯಿಗೆ ಬಂತು. ಮರುಗಳಿಗೆ ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಉಳಿದವರು ಪ್ರಾಣ ಉಳಿಸೆಂದು ಬೇಡುತ್ತಿದ್ದರೆ ನಾನೊಬ್ಬ ಬಲಕ್ಕೆ ವಾಲಿ ಕೂತಿದ್ದೆ. ವಿಮಾನ ಕೆಳಗಿಳಿದಂತೆ ಬಾಲ ತಣ್ಣಗಾಯಿತು, ದೇವರ ಉತ್ತರ ನಡುವೆಯೇ ನಿಂತಿತು.

ಮರಳುವಾಗ ಬೇರೆ ವಿಮಾನದಲ್ಲಿದ್ದ ತಮ್ಮ ಬಂಧುವೊಬ್ಬರು ಎಷ್ಟು ನಿಷ್ಠೆಯಿಂದ ದುಡಿದರೆಂದರೆ, ಬಾಲ ಕೂದಲೆಳೆಯಷ್ಟೂ ಅಲುಗಲಿಲ್ಲ. "ದೇವರು ಮುನಿಸ್ಕೊಂಡಾನ" ಎಂದು ತಾಯಿಯವರು ಮದುವೆಯ ಮಾತನ್ನೇ ಬಿಟ್ಟರು. ಆದ್ದರಿಂದ ತಾವು ದಯಮಾಡಿ ಒಂದು ವಿಮಾನವನ್ನು ನಮ್ಮ ಕುರಿಹಟ್ಟಿಯ ಮೇಲೆ ತಂದು, ಅವರು ನೋಡುತ್ತಿರುವಾಗ ಬಾಲವನ್ನು ಬಲಕ್ಕೆ ಹೊರಳಿಸಿ, ಊರು ದಾಟುವವರೆಗೆ ಅಲ್ಲೇ ಬಿಗಿ ಹಿಡಿಯಬೇಕು. ಗಾಳಿ ಇದಕ್ಕೆ ಒಪ್ಪದಿದ್ದರೆ ಗಾಳಿಗೂ ಒಂದು ಪ್ರತಿ ಕಳಿಸಲು ಸಿದ್ಧನಿದ್ದೇನೆ.

ಕಡೆಯ ಸಾಲಿನಿಂದ, ಇನ್ನೂ ಬಲಕ್ಕೇ ವಾಲಿರುವ
ತಮ್ಮ ವಿಶ್ವಾಸಿ,
ಗಾದಿಲಿಂಗಪ್ಪ

ಮರೆತಿದ್ದೆ: ಈ ಪತ್ರವನ್ನು ಶಿವಲೀಲಾಳಿಗೆ ಓದಿ ಹೇಳಿದೆ. "ಅತ್ತಿತ್ತ ತೂಗಾಡಿದ್ದು ವಿಮಾನ ಅಲ್ರಿ, ನೀವು. ನಾನು ಬೇಕಂತ ನಿಮ್ಮವ್ವಗ ನೀವ ಒಂದು ಮಾತು ಹೇಳೀರೇನು?" ಎಂದಳು. ಹೇಳಿಲ್ಲ. ನಾಳೆ ಅವಳನ್ನು ಹೆಣ್ಣು ನೋಡಲು ಪಕ್ಕದೂರಿನ ಜಗದೀಶನ ಮನೆಯವರು ಬರುತ್ತಾರಂತೆ. ಅವರು ಬಸ್ಸಿನಲ್ಲಿ ಓಡಾಡುವ ಜನ, ಯಾವ ಬಾಲದ ಉತ್ತರಕ್ಕೂ ಕಾಯುವವರಲ್ಲ. ತೂಗಾಡುವ ಮನುಷ್ಯರಿಗೆ ಜೋಡಿಸಬಹುದಾದ ಅಳತೆಯವರು ತಮ್ಮ ಕುಲದಲ್ಲಿ ಯಾರಾದರೂ ಇದ್ದರೆ ಇವತ್ತೇ ಕಳಿಸಿ.